ಬೇವಿನ ಮರದ ನೆರಳು

ಇವತ್ತು ಚರ್ಚಿನಿಂದ ಹೊರಗೆ ಬಂದರೆ ಬಿಟ್ಟ ಜಾಗದಲ್ಲಿ ಚಪ್ಪಲಿ ಇಲ್ಲ.

ಹೋಯ್ತು ಅಂದುಕೊಂಡೆ. ಬಳ್ಳಾರಿ ಬಿಸಿಲು, ಹನ್ನೊಂದೂವರೆ ಗಂಟೆ, ಬರಿಗಾಲು. ಮೆಟ್ಟಿಲ ಮೇಲೆ ಕುಣಿಯೋದೊಂದೇ ಬಾಕಿ.

ನೋಡಿದರೆ ಬೇವಿನ ಮರದ ನೆರಳಲ್ಲಿ ಸಾಲಾಗಿ ಕೂತಿವೆ. ನನ್ನವೊಂದೇ ಅಲ್ಲ, ಎಲ್ಲರವೂ. ಗೇಟಿನ ಕಡೆ ಮುಖ ಮಾಡಿಕೊಂಡು, ಕಾಲು ತೂರಿಸಿದರೆ ಸಾಕು ಅನ್ನೋ ಹಾಗೆ. ನನ್ನ ಎಡಗಾಲಿನದ್ದರ ಪಟ್ಟಿ ಕಿತ್ತು ಎರಡು ದಿನ ಆಗಿತ್ತು. ಅದಕ್ಕೊಂದು ಪಿನ್ನು ಬಿದ್ದಿತ್ತು.

ಹಿಂದಿನ ಚಾಪೆಯಲ್ಲಿ ಕೂರುವ ತಾತನ ಕೆಲಸ. ಪ್ರಸಂಗ ಮುಗಿಯುವ ಹೊತ್ತಿಗೆ ಮೆಲ್ಲಗೆ ಎದ್ದು ಹೋಗುತ್ತಾರೆ. ಇಷ್ಟು ದಿನ ಬೀಡಿಗೆ ಅಂದುಕೊಂಡಿದ್ದೆ! (ಕ್ಷಮಿಸಿ ತಾತ.)

"ನೀವ್ಯಾಕೆ ತಾತ ಇದನ್ನೆಲ್ಲ ಮುಟ್ಟೋದು?" ಅಂದೆ.

"ಬಿಸಿಲಿಗೆ ಕಾಯ್ದಿರ್ತಾವಮ್ಮ. ಹುಡುಗ್ರ ಕಾಲು ಸುಡ್ತಾವು."

ಅಷ್ಟೇ. ಮುಂದಿನ ಜೋಡಿ ಎತ್ತಿಕೊಂಡರು.

ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ ಬಂದು ಕೂತು ಬೈಬಲನ್ನು ಕನ್ನಡಕ್ಕೆ ತಂದ ಊರು ಇದು ಅಂತ ನಮಗೆಲ್ಲ ಹೆಮ್ಮೆ. ಯೋಹಾನ 13ನೇ ಅಧ್ಯಾಯವನ್ನು ಸಂಡೇ ಸ್ಕೂಲಲ್ಲಿ ಬಾಯಿಪಾಠ ಮಾಡಿ ಸ್ಟೀಲ್ ಡಬ್ಬಿ ಬಹುಮಾನ ತಗೊಂಡವಳು ನಾನು. ಯೇಸು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದು. ಅದರಲ್ಲಿ ಯೇಸುವನ್ನು ಹಿಡಿದುಕೊಡಲಿದ್ದ ಯೂದನ ಕಾಲೂ ಇತ್ತು. ಪೇತ್ರ ಮಾತ್ರ ನನ್ನ ಕಾಲು ತೊಳೆಯಲೇಬಾರದು ಅಂತ ಹಟ ಹಿಡಿದ. ಯಾಕೆ ಹಿಡಿದ ಅನ್ನೋದು ಇವತ್ತು ಆ ಪಿನ್ನು ನೋಡಿದಾಗ ಗೊತ್ತಾಯ್ತು. ಮಾಡೋದಕ್ಕಿಂತ ಮಾಡಿಸಿಕೊಳ್ಳೋದಕ್ಕೇ ನಾಚಿಕೆ ಜಾಸ್ತಿ, ಅಲ್ವಾ?

ಸಂಜೆ ಹೊಸ ಚಪ್ಪಲಿ ತರೋಣ ಅಂದರು ಮನೆಯಲ್ಲಿ. ಇನ್ನೊಂದು ವಾರ ಹೋಗಲಿ ಅಂದೆ.