ಬೆಳಗಿನ ಹಾಲು ನಿನ್ನೆಯ ಲೆಕ್ಕಕ್ಕೆ

ಕೋಡಿಂಗ್ ಕಲಿಯೋಕೆ ಶುರು ಮಾಡಿ ಎಂಟು ತಿಂಗಳಾಯಿತು. ಎಲ್ಲರ ಹಾಗೆ ನಾನೂ ಮೊದಲು ಟು-ಡೂ ಲಿಸ್ಟ್ ಮಾಡಿದೆ, ಕ್ಯಾಲ್ಕುಲೇಟರ್ ಮಾಡಿದೆ. ವಿಡಿಯೋ ನೋಡಿಕೊಂಡು ಟೈಪ್ ಮಾಡಿದ್ದು ಅವು, ತೋರಿಸೋಕೆ ನಾಚಿಕೆ. ನನ್ನದೇ ಅಂತ ಹೇಳಿಕೊಳ್ಳಬಹುದಾದವು ಮೂರೇ.

ಕನ್ನಡ ಅಂಕಿಗಳ ಗಡಿಯಾರ ಒಂದು ಸಂಜೆಯ ಕೆಲಸ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ೦ ಇರುವುದು 3302ನೇ ಜಾಗದಲ್ಲಿ, ಅಲ್ಲಿಂದ ೯ರ ತನಕ ಸಾಲಾಗಿ ಕೂತಿವೆ. 3302ಕ್ಕೆ ಅಂಕಿ ಕೂಡಿಸಿದರೆ ಆಯಿತು.

ಎರಡನೆಯದು ಅಮ್ಮನಿಗಾಗಿ ಮಾಡಿದ ಹಾಲಿನ ಲೆಕ್ಕ. ಎಷ್ಟು ಲೀಟರ್ ಅಂತ ಒತ್ತಿದರೆ ಸಾಕು, ಆ ದಿನದ ಹೆಸರಲ್ಲಿ ಫೋನಿನ ಲೋಕಲ್ ಸ್ಟೋರೇಜ್‌ನಲ್ಲಿ ಉಳಿಯುತ್ತದೆ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಅಮ್ಮ, 'ಇವತ್ತಿಂದು ಕಾಣ್ತಿಲ್ಲ, ನಿನ್ನೆ ಒಂದು ಲೀಟರ್ ಹಾಕಿದ್ದೆ, ಅದು ಅರ್ಧ ಆಗಿದೆ' ಅಂದರು. ನಾನು ಒತ್ತಿ ನೋಡಿದರೆ ಎಲ್ಲ ಸರಿ ಇದೆ! ಎರಡು ದಿನ ತಲೆ ಕೆಡಿಸಿಕೊಂಡೆ. ವಿಷಯ ಇಷ್ಟೇ: ನಾನು ಏಳುವುದು ಎಂಟಕ್ಕೆ, ಅಮ್ಮ ಹಾಲು ಬರೆಯುವುದು ಬೆಳಿಗ್ಗೆ 5:10ಕ್ಕೆ. ನಾನು ತಾರೀಖನ್ನು ವರ್ಷ-ತಿಂಗಳು-ದಿನ ಅಂತ ಬರೆಯುವ ಐಎಸ್‌ಓ ರೂಪದಲ್ಲಿ ತೆಗೆದುಕೊಂಡಿದ್ದೆ, ಅದು ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ, ಅಂದರೆ ಆ ಹೊತ್ತಲ್ಲಿ ನಾನು ಕೋಡ್ ಬರೆಯುವ ಜಾವಾಸ್ಕ್ರಿಪ್ಟ್‌ಗೆ ಇನ್ನೂ ನಿನ್ನೆ ರಾತ್ರಿ 11:40. ಸರಿ ಮಾಡುವಾಗ ತಿಂಗಳಿಗೆ 1 ಕೂಡಿಸೋದು ಮರೆತೆ. ಅಲ್ಲಿ ಜನವರಿ ಅಂದರೆ 0 ಅಲ್ವಾ, ಮಾರ್ಚ್ ಹಾಲೆಲ್ಲ ಫೆಬ್ರವರಿಗೆ ಹೋಯಿತು. ಅಮ್ಮ ಸುಮ್ನೆ ಕ್ಯಾಲೆಂಡರ್ ಮೇಲೂ ಬರೆದಿಡುತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು.

ನನಗೆ ಜಾಸ್ತಿ ಇಷ್ಟವಾದದ್ದು ಪದ್ಯದ ಮಾತ್ರೆ ಎಣಿಸುವ ಪುಟ. ಹೈಸ್ಕೂಲಲ್ಲಿ ಲಘು ಗುರು ಹಾಕಿ ಹಾಕಿ ಸಾಕಾಗಿತ್ತು, ಈಗ ಕಂಪ್ಯೂಟರ್ ಹಾಕಲಿ ಅಂತ ಹೊರಟೆ. 'ಕನ್ನಡ' ಅಂತ ಕೊಟ್ಟು ಉದ್ದ ಕೇಳಿದೆ, 5 ಅಂತು. ಕ, ನ, ಒತ್ತು ಬರಿಸುವ ವಿರಾಮ ಚಿಹ್ನೆ (್), ಇನ್ನೊಂದು ನ, ಡ. ಕಣ್ಣಿಗೆ ಕಾಣುವ ಅಕ್ಷರ 3. ಮಾತ್ರೆ 4, ಯಾಕಂದರೆ ಒತ್ತಿನ ಹಿಂದಿರುವ 'ಕ' ಗುರು, ಅದಕ್ಕೆ ಎರಡು ಮಾತ್ರೆ. ಈ ಮೂರು ಸಂಖ್ಯೆಗಳ ಜಗಳ ಬಿಡಿಸೋಕೆ ಮೂರು ವಾರ ಬೇಕಾಯಿತು. ಪರೀಕ್ಷೆಗೆ ಕುಮಾರವ್ಯಾಸನ ಮೊದಲ ಸಾಲನ್ನೇ ಹಾಕಿದೆ: 'ಶ್ರೀವನಿತೆಯರಸನೆ ವಿಮಲ ರಾ'. ಭಾಮಿನಿ ಷಟ್ಪದಿ, 14 ಬರಬೇಕು. 15 ಬಂತು. 'ಶ್ರೀ'ಯಲ್ಲಿರುವ ಶಕಾರವನ್ನು ಬೇರೆ ಅಕ್ಷರ ಅಂತ ಎಣಿಸಿತ್ತು. ಅದನ್ನು ಸರಿಪಡಿಸಿ, 3-4-3-4 ಅಂತ ಗೆರೆ ಬಿದ್ದಾಗ ರಾತ್ರಿ ಒಂದೂವರೆ. ತೋರಿಸೋಕೆ ಮನೇಲಿ ಯಾರೂ ಎದ್ದಿರಲಿಲ್ಲ.

ಶಿಥಿಲದ್ವಿತ್ವ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಮುಂದೆ ಒತ್ತಕ್ಷರ ಇದ್ದರೂ ಹಿಂದಿನದು ಲಘುವಾಗಿಯೇ ಉಳಿಯುವ ಪದಗಳು ಹಳಗನ್ನಡದಲ್ಲಿವೆ. ಓದುವವರ ಕಿವಿ ಅದನ್ನು ಹಿಡಿಯುತ್ತದೆ, ಹೀಗಿದ್ದರೆ ಹೀಗೆ ಅನ್ನುವ ನನ್ನ ಇಫ್-ಎಲ್ಸ್ ಹಿಡಿಯಲ್ಲ. ಸದ್ಯಕ್ಕೆ ಅಕ್ಷರದ ಮೇಲೆ ಒತ್ತಿದರೆ ಗುರು ಲಘುವಾಗುವ ಹಾಗೆ ಮಾಡಿ ಬಿಟ್ಟಿದ್ದೇನೆ.