ಎಚ್‌ಆರ್ ಫೈಲಿನಿಂದ ಮನೆಗೆ ಸುದ್ದಿ ಹೋಗುವ ದಾರಿಗಳು

ಇಪ್ಪತ್ತೈದು ವರ್ಷ ಸಂಸಾರ ಮಾಡಿ, ಮಕ್ಕಳು ಕಾಲೇಜಿಗೆ ಬಂದ ಮೇಲೆ "ನಾನು ಹೆಣ್ಣು" ಎಂದು ಹೇಳಿಕೊಳ್ಳುವ ಟ್ರಾನ್ಸ್‌ಜೆಂಡರ್ ಉದ್ಯೋಗಿಗಳಲ್ಲಿ (ಹುಟ್ಟಿದಾಗ ಗಂಡೆಂದು ದಾಖಲಾದವರು) ಕೆಲವರು ಮೊದಲು ಬಾಯಿ ಬಿಡುವುದು ಹೆಂಡತಿಯ ಹತ್ತಿರ ಅಲ್ಲ, ಎಚ್‌ಆರ್ ಹತ್ತಿರ. ಆಗ ಎಚ್‌ಆರ್‌ನವರಾದ ನಮ್ಮ ಮುಖ್ಯ ಕೆಲಸ ಒಂದೇ: ಅವರು ಮನೆಯಲ್ಲಿ ಹೇಳುವ ಮೊದಲು ನಮ್ಮ ಯಾವ ಕಾಗದವೂ ಹೇಳಬಾರದು. ಜೂನ್ ತಿಂಗಳಲ್ಲಿ ಲಿಫ್ಟ್ ಪಕ್ಕ ಕಾಮನಬಿಲ್ಲಿನ ಪೋಸ್ಟರ್ ಅಂಟಿಸುವುದು ಇದಕ್ಕಿಂತ ಎಷ್ಟೋ ಸುಲಭ.

ಎಲ್ಲಕ್ಕಿಂತ ಹೆಚ್ಚು ಸೋರುವುದು ಮೆಡಿಕ್ಲೈಮ್. ಫ್ಯಾಮಿಲಿ ಫ್ಲೋಟರ್ ಆದರೆ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಒಂದೇ ಪಾಲಿಸಿಯಲ್ಲಿರುತ್ತಾರೆ. ಹಾರ್ಮೋನ್ ಡಾಕ್ಟರ ಬಿಲ್ ಹಾಕಿದರೆ ಕ್ಲೈಮ್ ಮೆಸೇಜು ಯಾವ ನಂಬರಿಗೆ ಹೋಗುತ್ತದೆ, ಪೋರ್ಟಲ್ ಪಾಸ್‌ವರ್ಡ್ ಮನೆಯಲ್ಲಿ ಯಾರ ಕೈಲಿದೆ, ಇ-ಕಾರ್ಡ್ ಯಾವ ಮೇಲ್‌ಗೆ ಬರುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಇನ್ನು ಎಮರ್ಜೆನ್ಸಿ ಕಾಂಟ್ಯಾಕ್ಟ್. ಉದ್ಯೋಗಿ ತಲೆ ಸುತ್ತಿ ಬಿದ್ದರೆ ಅಡ್ಮಿನ್‌ನವರು ಹೆಂಡತಿಗೆ ಫೋನ್ ಮಾಡುತ್ತಾರೆ. ಹೊಸ ಹೆಸರು ಹೇಳಿಬಿಟ್ಟರೆ ಮುಗಿಯಿತು. ಆ ಕಾಲಂ ಎದುರು "ಮನೆಗೆ ಹೇಳಬೇಕಾದ ಹೆಸರು" ಎಂದು ಬರೆದಿಡಿ. ಕ್ಯಾಬ್ ಆ್ಯಪ್‌ನ ಹೆಸರೂ ಹಾಗೇ, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಡ್ರೈವರ್ ಅದನ್ನೇ ಕೂಗುತ್ತಾನೆ. ಆಯುಧಪೂಜೆಗೆ ಮನೆಯವರೆಲ್ಲ ಆಫೀಸಿಗೆ ಬರುವ ರೂಢಿ ಇದ್ದರೆ, ಟೀಮಿಗೆ ಹೇಳುವುದನ್ನು ಹಬ್ಬ ಕಳೆದ ಮೇಲೆ ಇಟ್ಟುಕೊಳ್ಳಿ.

ಯಾರಿಗೆ ಗೊತ್ತಿರಬೇಕು, ಯಾವ ದಿನದಿಂದ, ಎಲ್ಲೆಲ್ಲಿ ಯಾವ ಹೆಸರು ಎಂದು ಒಂದು ಪುಟದಲ್ಲಿ ಬರೆದು ಅವರ ಸಹಿ ತೆಗೆದುಕೊಳ್ಳಿ. ದಿನಾಂಕ ಅವರದೇ, ಮ್ಯಾನೇಜರದಲ್ಲ. ಮಾತಿನಲ್ಲಿ ಕನ್ನಡ ಅರ್ಧ ಕೆಲಸ ಹಗುರ ಮಾಡುತ್ತದೆ: "ಅವರು ಬಂದರು" ಎಂದರೆ ಗಂಡೋ ಹೆಣ್ಣೋ ಹೇಳಬೇಕಿಲ್ಲ. ತೊಡಕಾಗುವುದು ಸರ್, ಮೇಡಂ ಎನ್ನುವಲ್ಲೇ. ಕೇಳಿಯೇ ಕರೆಯಿರಿ.

ದಾಖಲೆಗಳಲ್ಲಿ ಅವಸರ ಬೇಡ. ಆಫೀಸ್ ಮೇಲ್, ಐಡಿ ಕಾರ್ಡಿನ ಹೆಸರಿಗೆ ಸರ್ಕಾರದ ಕಾಗದ ಬೇಕಿಲ್ಲ; ಸಂಬಳ, ಟಿಡಿಎಸ್ (ಸಂಬಳದಲ್ಲೇ ಮುರಿಯುವ ತೆರಿಗೆ), ಪಿಎಫ್‌ಗೆ ಬೇಕು. ಅಲ್ಲಿ ಕ್ರಮ ಹೀಗಿರಲಿ: ಆಧಾರ್, ಪ್ಯಾನ್, ಬ್ಯಾಂಕ್, ಕೊನೆಗೆ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ). ಮಧ್ಯೆ ಒಂದನ್ನು ಬಿಟ್ಟರೆ ಹೆಸರು ತಾಳೆಯಾಗದೆ ಪಿಎಫ್ ಕೆವೈಸಿ (ಗುರುತಿನ ಪರಿಶೀಲನೆ) ನಿಲ್ಲುತ್ತದೆ. ಹೋಮ್ ಲೋನ್ ಜಂಟಿಯಾಗಿದ್ದರೆ ಬ್ಯಾಂಕಿನವರು ಹೆಂಡತಿಯನ್ನೂ ಕರೆಸಬಹುದು. ಹಾಗಾಗಿ ಈ ಹಂತ ಮನೆಯಲ್ಲಿ ಮಾತಾದ ಮೇಲೇ.

ಪಿಎಫ್‌ನಲ್ಲಿ ಇನ್ನೊಂದು ಗಂಟಿದೆ. 1952ರ ಸ್ಕೀಮಿನಲ್ಲಿ ಕುಟುಂಬ ಎಂದರೆ ಗಂಡು ಸದಸ್ಯರಿಗೆ ಹೆಂಡತಿ, ಹೆಣ್ಣು ಸದಸ್ಯರಿಗೆ ಗಂಡ ಎಂದೇ ಬರೆದಿದೆ. ದಾಖಲೆಯಲ್ಲಿ ಲಿಂಗ ಬದಲಾದರೆ ಹೆಂಡತಿಗೆ ಅಲ್ಲಿ ಜಾಗವೇ ಕಾಣುವುದಿಲ್ಲ. ಬದಲಿಸುವ ಮೊದಲೇ ನಾಮಿನೇಶನ್ ಸರಿಯಿದೆಯೇ ನೋಡಿ, ಬದಲಿಸಿದ ಮೇಲೆ ಪಿಎಫ್ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ. ಕೆಲವು ಎಚ್‌ಆರ್ ಸಾಫ್ಟ್‌ವೇರ್‌ಗಳದ್ದೂ ಇದೇ ಕಥೆ: ಉದ್ಯೋಗಿ "ಹೆಣ್ಣು" ಆದ ತಕ್ಷಣ "ಹೆಂಡತಿ" ಎಂಬ ಸಾಲು ತಪ್ಪೆಂದು ಹೊರಹಾಕುತ್ತವೆ, ಮುಂದಿನ ಅಪ್‌ಲೋಡ್‌ನಲ್ಲಿ ವಿಮೆಯಿಂದಲೂ ಹೆಸರು ಬಿಟ್ಟುಹೋಗುತ್ತದೆ. ಗೊತ್ತಾಗುವುದು ಆಸ್ಪತ್ರೆ ಕೌಂಟರ್‌ನಲ್ಲಿ. ಸಂಬಂಧದ ಕಾಲಂನಲ್ಲಿ "ಸಂಗಾತಿ" ಎಂದಷ್ಟೇ ಇರುವಂತೆ ಮಾಡಿಸಿ. "ಮದುವೆ ಈಗಲೂ ಊರ್ಜಿತವೇ?" ಎಂದು ವಿಮೆಯವರು ಕೇಳಿದರೆ, ಲಿಂಗ ಬದಲಾದ ಮಾತ್ರಕ್ಕೆ ಮದುವೆ ತಾನಾಗಿ ಮುರಿಯುತ್ತದೆ ಎನ್ನುವ ಕಲಮು 1955ರ ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲ ಎಂದು ತಿಳಿಸಿ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕು. ಆ ಹೆಸರು ಇವರ ಮ್ಯಾನೇಜರದ್ದೇ ಆಗಿದ್ದರೆ ಬೇರೆಯವರನ್ನು ನೇಮಿಸಿ.

ಕೊನೆಗೆ, ಹೆಂಡತಿಯ ಫೋನ್. "ನಮ್ಮ ಯಜಮಾನ್ರಿಗೆ ಆಫೀಸಲ್ಲಿ ಏನಾಗ್ತಿದೆ?" ಎಂದು ಒಂದಲ್ಲ ಒಂದು ದಿನ ಬರಬಹುದು. ಸುಳ್ಳು ಹೇಳಬೇಡಿ, ನಿಜವನ್ನೂ ಬಿಟ್ಟುಕೊಡಬೇಡಿ. "ಯಾವ ಉದ್ಯೋಗಿಯ ಸ್ವಂತ ವಿಷಯವನ್ನೂ ನಾವು ಮಾತಾಡಲ್ಲ ಮೇಡಂ, ನೀವು ಅವರನ್ನೇ ಕೇಳಿ" ಎನ್ನುವುದು ಸಾಕು. ಅದೇ ಸಂಜೆ ಉದ್ಯೋಗಿಗೆ ವಿಷಯ ತಿಳಿಸಿ. ಕಂಪನಿಯ ಆಪ್ತಸಮಾಲೋಚನೆ ಸಂಗಾತಿಗೂ ಇದ್ದರೆ ಆ ನಂಬರು ಎಲ್ಲ ಉದ್ಯೋಗಿಗಳಿಗೂ ಹೋಗುವ ಮೇಲ್‌ನಲ್ಲಿರಲಿ, ಇವರೊಬ್ಬರಿಗೇ ಕಳಿಸಿದರೆ ಅದೂ ಒಂದು ಸುಳಿವೇ. ಇಲ್ಲದಿದ್ದರೆ ಟೆಲಿ-ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.