ದಿನಾ ಅರ್ಧ ತಾಸು ಏಳು ಮೆಗಾಹರ್ಟ್ಸ್‌ನಲ್ಲಿ

ಹ್ಯಾಮ್ (ಹವ್ಯಾಸಿ) ರೇಡಿಯೊ ಲೈಸೆನ್ಸ್ ಬಂದು, ರಿಗ್ (ಮಾತಾಡುವ-ಕೇಳುವ ರೇಡಿಯೊ ಸೆಟ್) ತಂದು, ನಾಲ್ಕು ದಿನ ಮಾತಾಡಿ ಸುಮ್ಮನಾದವರನ್ನು ಕೇಳಿ ನೋಡಿ, ಹೆಚ್ಚಿನವರು ಪವರ್ ಸಾಲದು ಅನ್ನುತ್ತಾರೆ. ಲೆಕ್ಕ ಹಾಕೋಣ. 100 ವ್ಯಾಟ್‌ನಿಂದ 25 ವ್ಯಾಟ್‌ಗೆ ಇಳಿದರೆ ಕಳೆದುಕೊಳ್ಳುವುದು 6 ಡೆಸಿಬೆಲ್, ಎದುರಿನವರ ಸಿಗ್ನಲ್ ಬಲ ತೋರಿಸುವ ಮೀಟರ್‌ನಲ್ಲಿ ಒಂದೇ ಒಂದು ಎಸ್ ಅಂಕ. ನಿಮ್ಮ ಮನೆಯ ವಿದ್ಯುತ್ ಉಪಕರಣಗಳು ರೇಡಿಯೊದಲ್ಲಿ ಎಬ್ಬಿಸುವ ಸದ್ದು ಎಸ್3 ಇರಬೇಕಾದಲ್ಲಿ ಎಸ್7 ಇದ್ದರೆ ಹೋಗುವುದು ನಾಲ್ಕು ಅಂಕ. ಕರೆದವರು ಇದ್ದಾರೆ, ನಿಮಗೆ ಕೇಳಿಸುತ್ತಿಲ್ಲ ಅಷ್ಟೇ. ಹಾಗಾಗಿ ಮೊದಲ ಕೆಲಸ ಸದ್ದು ಹುಡುಕುವುದು.

ರಿಗ್ಗನ್ನು 12 ವೋಲ್ಟ್ ಬ್ಯಾಟರಿಗೆ ಹಚ್ಚಿ, ಯುಪಿಎಸ್ ಬಂದ್ ಮಾಡಿ, ಮನೆಯ ಮೇನ್ ಸ್ವಿಚ್ ಇಳಿಸಿ. 7.1 ಮೆಗಾಹರ್ಟ್ಸ್‌ನಲ್ಲಿ ಎಸ್ ಮೀಟರ್ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಆಮೇಲೆ ಎಂಸಿಬಿಗಳನ್ನೆಲ್ಲ ಇಳಿಸಿ, ಮೇನ್ ಏರಿಸಿ, ಅವನ್ನು ಒಂದೊಂದಾಗಿ ಏರಿಸುತ್ತ ಬನ್ನಿ. ಮುಳ್ಳು ಜಿಗಿದ ಕಡೆ ಕಳ್ಳ ಇದ್ದಾನೆ: ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಬ್ಯಾಟರಿ ಚಾರ್ಜ್ ಮಾಡುತ್ತಿರುವ ಯುಪಿಎಸ್. ಚಾರ್ಜರ್ ಬದಲಿಸಿ, ಇಲ್ಲವೇ ಅದರ ವೈರನ್ನು ಫೆರೈಟ್ ರಿಂಗಿಗೆ (ಸದ್ದು ತಡೆಯುವ ಕಾಂತೀಯ ಬಳೆ) ಏಳೆಂಟು ಸುತ್ತು ಹಾಕಿ. ಮೇನ್ ಇಳಿಸಿದರೂ ಗುಂಯ್ ಅನ್ನುವ ಸದ್ದು ಹೋಗದೆ, ಮಳೆ ಬಿದ್ದ ದಿನ ಮಾತ್ರ ತಗ್ಗಿದರೆ, ಹತ್ತಿರದ ಕಂಬದ ಮೇಲೆ ಎಲ್ಲೋ ಸಡಿಲ ಜೋಡಣೆಯಲ್ಲಿ ಕಿಡಿ ಹಾರುತ್ತಿರುವ ಸಂಭವ ಹೆಚ್ಚು. ಕಂಬದ ನಂಬರ್ ಬರೆದು ಕಲಬುರಗಿ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಕೊಡಿ. ಕಂಬವನ್ನು ನೀವು ಮುಟ್ಟಬೇಡಿ.

ಆ್ಯಂಟೆನಾ ಒಂದೇ ಸಾಕು, ಆದರೆ ಅದು ಸದಾ ಮೇಲಿರಬೇಕು. ದಿನಾ ಏರಿಸಿ ಇಳಿಸುವ ಆ್ಯಂಟೆನಾ ಮೂರನೇ ವಾರಕ್ಕೆ ಮೂಲೆ ಸೇರುತ್ತದೆ. 142.5ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡೈಪೋಲಿನ (ನಡುವಿನಿಂದ ಎರಡು ಬದಿಗೆ ಚಾಚಿದ ವೈರ್ ಆ್ಯಂಟೆನಾ) ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್, ಬದಿಗೆ 10. ಮನೆ ವೈರಿಂಗಿನ 1.5 ಚದರ ಮಿ.ಮೀ. ವೈರ್ ನಡೆಯುತ್ತದೆ. ಅದರ ಮೇಲಿನ ಪಿವಿಸಿ ಹೊದಿಕೆಯಿಂದ ರೆಸೊನೆನ್ಸ್ (ಆ್ಯಂಟೆನಾಗೆ ಸಹಜವಾಗಿ ಒಗ್ಗುವ ಫ್ರೀಕ್ವೆನ್ಸಿ) ಕೆಳಗಿಳಿಯುವುದರಿಂದ ಕೊನೆಗೆ ಬದಿಗೆ ಶೇಕಡಾ ಎರಡು-ಮೂರರಷ್ಟು ಕಡಿಮೆಯೇ ಬೇಕಾಗುತ್ತದೆ. ಆದರೂ ಮೊದಲು 10.4 ಮೀಟರ್ ಕತ್ತರಿಸಿ, ತುದಿಯನ್ನು ಹಿಂದಕ್ಕೆ ಮಡಚಿ ಸುತ್ತುತ್ತ, ಆ್ಯಂಟೆನಾದಿಂದ ಎಷ್ಟು ಪವರ್ ಮರಳುತ್ತದೆ ಎಂದು ತೋರಿಸುವ (ಕಡಿಮೆಯಿದ್ದಷ್ಟು ಒಳ್ಳೆಯದು) ಎಸ್‌ಡಬ್ಲ್ಯೂಆರ್ ನೋಡಿ. 100 ಕಿಲೋಹರ್ಟ್ಸ್ ಸರಿಸಲು ಬದಿಗೆ 14 ಸೆಂ.ಮೀ. ಲೆಕ್ಕ. ನಡುಮಧ್ಯ 9-10 ಮೀಟರ್ ಎತ್ತರ, ತುದಿಗಳು ಯಾರ ಕೈಗೂ ಎಟುಕದಷ್ಟು ಮೇಲೆ. ಪ್ರಸಾರದ ವೇಳೆ ತುದಿಯಲ್ಲೇ ವೋಲ್ಟೇಜ್ ಅತಿ ಹೆಚ್ಚು. ಈ ಎತ್ತರದಲ್ಲಿ ಅಲೆ ಬಹುಪಾಲು ನೆತ್ತಿಯ ಕಡೆಗೇ ಹೋಗಿ ಮರಳುತ್ತದೆ. ಹೈದರಾಬಾದ್, ಬೆಂಗಳೂರು, ಮುಂಬೈಗೆ ಬೇಕಾದದ್ದೂ ಅದೇ. ಫರ್ಸಿ ಹಾಸಿದ ಮಾಳಿಗೆಯಾದರೆ ಕಲ್ಲಿಗೆ ತೂತು ಹೊಡೆಯಬೇಡಿ, ಸೀಳುತ್ತದೆ, ಮಳೆಗಾಲಕ್ಕೆ ಸೋರುತ್ತದೆ. ಪೈಪನ್ನು ಪ್ಯಾರಪೆಟ್ ಗೋಡೆಗೆ ಕ್ಲ್ಯಾಂಪ್ ಮಾಡಿ.

ರಿಗ್ಗಿನಿಂದ ಆ್ಯಂಟೆನಾಗೆ ಹೋಗುವ ಕೋಆ್ಯಕ್ಸ್ ಕೇಬಲ್ಲಿನ ಜೋಡಣೆಗೆ ಸಾದಾ ಕಪ್ಪು ಟೇಪ್ ನಂಬಬೇಡಿ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಅದರ ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ, ಜೂನ್‌ನಲ್ಲಿ ನೀರು ಒಳಗೆ ಇಳಿಯುತ್ತದೆ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಒಳ್ಳೆ ಟೇಪ್ ಹಾಕಿ. ಒಂದು ಮೋಸ ಗೊತ್ತಿರಲಿ: ನೀರು ಕುಡಿದ ಕೇಬಲ್ ಪವರ್ ನುಂಗುವುದರಿಂದ ರಿಗ್ಗಿನ ಹತ್ತಿರ ಎಸ್‌ಡಬ್ಲ್ಯೂಆರ್ ಮೊದಲಿಗಿಂತ ಚೆನ್ನಾಗಿಯೇ ಕಾಣಬಹುದು. ಆ್ಯಂಟೆನಾ ಮುಟ್ಟದೆಯೇ ಎಸ್‌ಡಬ್ಲ್ಯೂಆರ್ ಸುಧಾರಿಸಿದರೆ ಸಂತೋಷಪಡದೆ ಕೇಬಲ್ ತೆರೆದು ನೋಡಿ, ತಾಮ್ರದ ಜಾಲರಿ ಕಪ್ಪಾಗಿರುತ್ತದೆ.

ಎರೆಭೂಮಿಯಲ್ಲಿ ಅರ್ಥ್ ರಾಡ್ ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಮಣ್ಣು ಬಿರುಕು ಬಿಟ್ಟು ರಾಡಿನಿಂದ ದೂರ ಸರಿಯುವುದೇ ಕಾರಣ, ಆಗಾಗ ನೀರು ಹಾಕಿ. ಮೇ ತಿಂಗಳ ಗುಡುಗಿಗೆ ಮಾತ್ರ ಯಾವ ಅರ್ಥ್ ಕೂಡ ಭರವಸೆಯಲ್ಲ. ಮೋಡ ಕಟ್ಟುವ ಮೊದಲೇ ಕೋಆ್ಯಕ್ಸ್ ಕಳಚಿ ಮನೆಯ ಹೊರಗಿಡಿ.

ಇನ್ನು ಹೊತ್ತು. ಬೆಳಗ್ಗೆ ಆರೂವರೆಯಿಂದ ಎಂಟರವರೆಗೆ 40 ಮೀಟರ್ (ಅಂದರೆ 7 ಮೆಗಾಹರ್ಟ್ಸ್) ಬ್ಯಾಂಡಿಗೆ ಒಳ್ಳೆಯ ಸಮಯ, ಮಾತಿಗೆ ರಿಗ್ಗಿನ ಮೋಡ್ ಲೋಯರ್ ಸೈಡ್‌ಬ್ಯಾಂಡ್. ನಡು ಮಧ್ಯಾಹ್ನ ವಾತಾವರಣದ ಮೇಲ್ಭಾಗದ ಡಿ ಪದರ ಅಲೆಯನ್ನು ಹೀರುವುದರಿಂದ ಹತ್ತಿರದವರೂ ಕ್ಷೀಣ. ಸಂಜೆ 20 ಮೀಟರ್‌ನಲ್ಲಿ ಯುರೋಪಿನ ಕಡೆ ದಾರಿ ತೆರೆಯುತ್ತದೆ. ಲಾಗ್ (ಮಾತಾಡಿದ್ದರ ದಾಖಲೆ) ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ ಬರೆಯಿರಿ, ನಮ್ಮ ಆರೂವರೆ ಅಲ್ಲಿ 01:00.

ಮಾತಾಡಲು ಹಿಂಜರಿಕೆಯಿದ್ದರೆ 7.074ರಲ್ಲಿ ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ಎಫ್‌ಟಿ-8 ಶುರುಮಾಡಿ. ಕಲಬುರಗಿ, ಬೀದರ ನಗರಗಳ ಗ್ರಿಡ್ (ಸಂದೇಶದಲ್ಲಿ ಹೋಗುವ ನಕ್ಷೆಯ ಚೌಕದ ಗುರುತು) ಎಂಕೆ87, ಯಾದಗಿರಿಯದು ಎಂಕೆ86. ಕಂಪ್ಯೂಟರ್ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿಯಿರಲಿ, ಆಡಿಯೊವನ್ನು, ಅದು ಮಿತಿ ಮೀರಿದ್ದನ್ನು ತೋರಿಸುವ ಎಎಲ್‌ಸಿ ಅಲುಗದ ಮಟ್ಟಕ್ಕೆ ಇಳಿಸಿ, ಪವರ್ ಅರ್ಧಕ್ಕೆ ತನ್ನಿ. 15 ಸೆಕೆಂಡಿನ ಸರದಿಯಲ್ಲಿ ಸುಮಾರು 12.6 ಸೆಕೆಂಡ್ ಬಿಡುವಿಲ್ಲದೆ ಪೂರ್ತಿ ಪವರ್ ಹೋಗುವುದರಿಂದ ರಿಗ್ ಬೇಗ ಕಾಯುತ್ತದೆ.

ಧ್ವನಿಯಲ್ಲಾದರೆ ಒಂದು ನಿಮಿಷ ಕೇಳಿ, ಫ್ರೀಕ್ವೆನ್ಸಿ ಖಾಲಿಯೇ ಎಂದು ಎರಡು ಸಲ ವಿಚಾರಿಸಿ. ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಮೂರು ಸಲ, ನಿಮ್ಮ ಲೈಸೆನ್ಸಿನ ಗುರುತಾದ ಕಾಲ್‌ಸೈನ್ ‘ಆಲ್ಫಾ, ಬ್ರಾವೊ’ ಎಂಬ ಫೊನೆಟಿಕ್ಸ್‌ನಲ್ಲಿ ಎರಡು ಸಲ, ನಂತರ ಹತ್ತು ಸೆಕೆಂಡ್ ಬಾಯಿ ಕಟ್ಟಿ. ಬಹಳ ಜನ ಎಡವುವುದು ಇಲ್ಲೇ: ಎದುರಿನವರು ಮೈಕ್ ಒತ್ತುವಷ್ಟರಲ್ಲಿ ಇವರು ಮತ್ತೆ ಕರೆಯಲು ಶುರು ಮಾಡಿರುತ್ತಾರೆ. ಐದು ನಿಮಿಷ ಉತ್ತರ ಬರದಿದ್ದರೆ ಹತ್ತು ಕಿಲೋಹರ್ಟ್ಸ್ ಸರಿದು ಮತ್ತೆ ಕರೆಯಿರಿ. ನಾಳೆಯೂ ಅದೇ ಹೊತ್ತಿಗೆ, ಅದೇ ಜಾಗದ ಆಸುಪಾಸಿನಲ್ಲಿ ಇರಿ. ನಿಮ್ಮ ದನಿಯ ಗುರುತಾದವರು ತಾವಾಗಿಯೇ ಕರೆಯುತ್ತಾರೆ.